ಅಜ್ಜಿಎಲೆ ನರ್ಸಮ್ಮ

ಇವತ್ತು ಕೋಳಿ ಕೂಗುವಾಗ ಎದ್ದು ಕೊಟ್ಟಿಗೆ ಬಳಿದೆ, ಎಮ್ಮೆ ಕರೆದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ರಾಗಿ ಬೀಸಿ ಹಿಟ್ಟನ್ನು ಮಡಕೆಗೆ ತುಂಬಿದೆ. ಅತ್ತೆಗೆ ಗಂಜಿ ಕಾಸಿಕೊಟ್ಟೆ. ಮಗಳ ತಲೆಗೆ ಹರಳೆಣ್ಣೆ ತಟ್ಟಿ ಹೇನು ತೆಗೆದೆ. ನಿನ್ನೆ ಗಾಳಿಗೆ ಉದುರಿದ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸುತ್ತಿದ್ದೆ. ಅಷ್ಟರಲ್ಲಿ, ಮೊನ್ನೆ ಕೃಷ್ಣಗಿರಿ ಮಂಡಿಗೆ ಮಾವಿನಹಣ್ಣಿನ ಗಾಡಿ ಹೊಡೆದುಕೊಂಡು ಹೋಗಿದ್ದ ನಮ್ಮನೆಯವರು ಬಂದರು. ಎತ್ತುಗಳನ್ನು ಬಿಚ್ಚಿ, ಕೈಕಾಲು ಕೂಡ ತೊಳೆಯದೆ ಜಗಲಿ ಮೇಲೆ ಕೂತು, "ನರ್ಸಮ್ಮ ಹೋಗ್ಬುಟ್ಲಂತೆ ಕಣೆ" ಅಂದರು. "ಜ್ವರ ಬಂದಿತ್ತಂತೆ. ಮಂಡೀತಾವ ಜಟಕಾ ಸಾಬ್ರು ಹೇಳಿದ್ರು. ಬೇಸಿಗೆ ಶುರುವಿನಲ್ಲೇ ಆಗೋಗೈತೆ, ನಮಗೆ ಯಾರು ಹೇಳ್ಬೇಕು."

ಅತ್ತೆ ಜಗಲಿಯ ಆ ಕೊನೆಯಲ್ಲಿ ಮೊರದಲ್ಲಿ ಹುರುಳಿಕಾಳು ಕೇರುತ್ತಿದ್ದರು. ಅವರಿಗೂ ಕೇಳಿಸಿತು.

ನಾನು ಉಪ್ಪಿನ ಕೈಯಲ್ಲೇ ನಿಂತೆ. ಮುಖಕ್ಕಿಂತ ಮೊದಲು ಕಣ್ಣಿಗೆ ಕಟ್ಟಿದ್ದು ನರ್ಸಮ್ಮನ ಕೈ. ಬಲಗೈಯ ಉಗುರುಗಳನ್ನು ಮಾಂಸ ಕಾಣುವ ಹಾಗೆ ಕತ್ತರಿಸಿರುತ್ತಿದ್ದರು. ಕೆಂಪು ಸೋಪಿನಲ್ಲಿ ಉಜ್ಜಿ ಉಜ್ಜಿ ಬೆರಳ ತುದಿಗಳು ನೆನೆಹಾಕಿದ ಕಡಲೆಯಂತೆ ಬಿಳಿಚಿಕೊಂಡಿರುತ್ತಿದ್ದವು. ಎಡಗೈಯ ಉಗುರು ಸಂದಿಯಲ್ಲಿ ಮಾತ್ರ ಯಾವಾಗಲೂ ಕರಿಮಣ್ಣು. ಗಿಡದ ಕೆಲಸವನ್ನೆಲ್ಲ ಎಡಗೈ ಒಂದರಲ್ಲೇ ಮಾಡುತ್ತಿದ್ದರು, ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು. ಯಾಕೆ ಅಂತ ಕೇಳಿದರೆ, "ಇದು ಹೆಂಗಸರ ಕೈ ಮಾ, ಯಾವಾಗ ಕರೀತಾರೋ ಗೊತ್ತಿಲ್ಲ. ಅದು ಗಿಡದ ಕೈ" ಎನ್ನುತ್ತಿದ್ದರು.

ಅವರು ನಮ್ಮೂರಿಗೆ ಬಂದದ್ದು ಯುದ್ಧದ ಕಾಲದಲ್ಲಿ, ಸೀಮೆಎಣ್ಣೆಗೆ ಬಾಟಲಿ ಹಿಡಿದು ಸಾಲು ನಿಲ್ಲುತ್ತಿದ್ದ ದಿನಗಳಲ್ಲಿ. ಬಾಗಲೂರಿನಿಂದ ಈಚೆಗಿರುವ ನಮ್ಮೂರಿನಲ್ಲಿ ಎರಡು ಕೋಣೆಯ ಹೆಂಚಿನ ಮನೆ ಕಟ್ಟಿಸಿ ಹೆರಿಗೆ ಆಸ್ಪತ್ರೆ ಎಂದು ಬೋರ್ಡು ಹಾಕಿದ್ದರು. ಬೋರ್ಡು ಇತ್ತು, ಮಂಚ ಇತ್ತು, ಒಳಗೆ ಗುಬ್ಬಚ್ಚಿ ಗೂಡು ಕಟ್ಟಿತ್ತು. ಅಲ್ಲಿಗೆ ಒಂದು ಮಧ್ಯಾಹ್ನ ಬಸ್ಸಿನಿಂದ ಇಳಿದ ಎತ್ತರದ, ಕಪ್ಪನೆಯ ಹೆಂಗಸು ಕೈಯಲ್ಲಿ ಒದ್ದೆ ಗೋಣಿಯ ಮೂರು ಗಂಟುಗಳನ್ನು ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು. ಟ್ರಂಕನ್ನು ಕಂಡಕ್ಟರೇ ಇಳಿಸಿಕೊಟ್ಟ. ಗಂಟಿನಲ್ಲಿ ಇದ್ದದ್ದು ಗಿಡ. ಅವರ ಅಪ್ಪ ಏರ್ಕಾಡು ಬೆಟ್ಟದ ಮೇಲೆ ಬಿಳಿಯರ ಕಾಫಿ ತೋಟದ ಬಂಗಲೆಯಲ್ಲಿ ಗಿಡ ನೋಡಿಕೊಳ್ಳುವವರಾಗಿದ್ದರಂತೆ, ಅಲ್ಲಿಂದ ತಂದದ್ದು. ಗಂಡ ಇದ್ದರೋ ಇಲ್ಲವೋ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಹಣೆಯಲ್ಲಿ ಕುಂಕುಮ ಇತ್ತು, ಅಷ್ಟೇ.

ಆಸ್ಪತ್ರೆಯ ಮೂಡಣ ಗೋಡೆಯ ಮಗ್ಗುಲಲ್ಲಿ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಾಗದ ಜಾಗ ನೋಡಿ ನೆಟ್ಟರು. ನೆಡುವುದು ಅಂದರೆ ನಮಗೆ ಗುಂಡಿ ತೋಡಿ ಇಳಿಸುವುದು. ಅವರು ಮಣ್ಣಿನ ಮೇಲೆ ಗಿಡ ಕೂರಿಸಿ, ಸುತ್ತ ಹಲಸಿನ ಎಲೆ ಕೊಳೆತ ಗೊಬ್ಬರ ಹೊದಿಸಿ, ಅದರ ಮೇಲೆ ಸರ್ವೆ ಮರದ ಒಣಗಿದ ಕಡ್ಡಿಎಲೆ ಹರಡಿದರು. "ಇದಕ್ಕೆ ತಾಯಿಬೇರು ಕೆಳಕ್ಕೆ ಹೋಗಲ್ಲ ಮಾ. ಅಂಗೈ ಊರಿಕೊಂಡು ಮೇಲೇ ಕೂತಿರುತ್ತೆ. ಗುದ್ದಲಿ ತಾಗಿಸಿದರೆ ಬೆರಳು ಹೋದ ಹಾಗೆ" ಅಂದರು. ಬಾವಿ ನೀರನ್ನೂ ಹಾಕುತ್ತಿರಲಿಲ್ಲ. ನಮ್ಮ ಬಾವಿಯ ನೀರು ಸುಣ್ಣದ ನೀರು, ಹಂಡೆಯ ಒಳಗೆಲ್ಲ ಬಿಳಿ ಹಕ್ಕಳೆ ಕಟ್ಟುತ್ತದೆ. ಅದನ್ನು ಹಾಕಿದರೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದಂತೆ. ಹೆಂಚಿನ ಸೂರಿನ ಕೆಳಗೆ ಮಡಕೆಗಳನ್ನು ಸಾಲಾಗಿಟ್ಟು ಮಳೆನೀರು ಹಿಡಿಯುತ್ತಿದ್ದರು. ಅದು ಮುಗಿದರೆ ಕೆರೆಯಿಂದ ತಾವೇ ಹೊತ್ತು ತರುತ್ತಿದ್ದರು. ನಮ್ಮ ಹೆಂಗಸರು ಪ್ರೀತಿಗೆ ಒಲೆಬೂದಿ ತಂದು ಬುಡಕ್ಕೆ ಸುರಿಯಲು ಹೋದರೆ ಬೂದಿಯೂ ಸುಣ್ಣದಷ್ಟೇ ಕೆಡುಕು ಎಂದು ಎರಡೂ ತೋಳು ಚಾಚಿ ಅಡ್ಡ ನಿಲ್ಲುತ್ತಿದ್ದರು. ಹೂ ಬಾಡಿದ ಮೇಲೆ ಒಂದೊಂದನ್ನೇ ಚಿವುಟಿ ತೆಗೆದು, ಚಿಗುರಿನ ತುದಿಯನ್ನು ಆಗಲೇ ಸವರಿಬಿಡುವರು. ಮಳೆಗಾಲ ಹಿಡಿದ ಮೇಲೆ ಯಾರೂ ಮುಟ್ಟುವಂತಿಲ್ಲ. "ಈಗ ಬಸುರಿ ಅದು. ಮೊಗ್ಗು ಒಳಗೆ ಕೂತಿದೆ."

ಗಿಡ ಎಂದರೆ ಮೊಣಕಾಲೆತ್ತರ, ಮಂಕರಿ ಬೋರಲು ಹಾಕಿದಷ್ಟು ದುಂಡಗೆ. ಚಿಕ್ಕಚಿಕ್ಕ ದಪ್ಪ ಎಲೆ, ಬೇಸಿಗೆಯಲ್ಲೂ ಉದುರುವುದಿಲ್ಲ. ಮೊದಲ ಮಾಘದಲ್ಲಿ ಅದು ಹೂ ಬಿಟ್ಟಾಗ ಎಲೆಯೇ ಕಾಣಲಿಲ್ಲ. ಹಾಲಿಗೆ ಕುಂಕುಮ ಕದಡಿದಂಥ ಬಣ್ಣ. ಊರ ಹೆಂಗಸರು ಕೊಡ ಕಂಕುಳಲ್ಲಿಟ್ಟುಕೊಂಡೇ ಬಂದು ನಿಂತರು. ಅವರ ಜೊತೆಗೆ ನಮ್ಮೂರ ಸೂಲಗಿತ್ತಿ ಅಜ್ಜಿಯೂ ಬಂದಿತ್ತು. ಆಗ ಊರಲ್ಲಿದ್ದ ಮಕ್ಕಳೆಲ್ಲ ಆ ಅಜ್ಜಿಯ ಕೈಯಲ್ಲೇ ಹುಟ್ಟಿದವರು.

"ಏನಮ್ಮಿ ಇದರ ಹೆಸ್ರು?" ಅಂತು ಅಜ್ಜಿ.

"ಅಜೇಲಿಯಾ, ಪಾಟಿ." ನರ್ಸಮ್ಮ ಅಜ್ಜಿಯನ್ನು ತಮಿಳಿನಲ್ಲಿ ಪಾಟಿ ಎಂದೇ ಕರೆಯುತ್ತಿದ್ದರು.

"ಅಜ್ಜಿ ಎಲೆಯಾ? ನನ್ನ ಕಸುಬು ಕಿತ್ಕಳಾಕೆ ಬಂದಿದ್ದು ಸಾಲ್ದು ಅಂತ ನನ್ನ ಹೆಸ್ರನ್ನೂ ಗಿಡಕ್ಕೆ ಮಡಗಿದ್ದೀಯಲ್ಲೇ."

ಎಲ್ಲರಿಗಿಂತ ಜೋರಾಗಿ ನಕ್ಕವರು ನರ್ಸಮ್ಮ. "ನಿನ್ನ ಹಂಗೇ ಐತಲ್ಲ ಪಾಟಿ, ಕುಳ್ಳಿ, ದುಂಡಗೆ, ಎಷ್ಟು ವರ್ಷ ಆದ್ರೂ ಏನೂ ಉದುರಲ್ಲ."

"ಹಲ್ಲು ಉದ್ರವೆ ಕಣಮ್ಮಿ, ಬಾಯಿ ತೆಗೀಲಾ?"

ಅವತ್ತಿನಿಂದ ಅದು ಅಜ್ಜಿಎಲೆ. ಊರಿನವರು ಅಂದರು ಅಂತ ನರ್ಸಮ್ಮನೂ ಹಾಗೇ ಅಂದರು. "ಅಜ್ಜಿಎಲೆಗೆ ನೀರು ಹಾಕಿ ಬತ್ತೀನಿ ಇರಿ" ಎನ್ನುವುದು ನನ್ನ ಕಿವಿಯಲ್ಲಿ ಇನ್ನೂ ಇದೆ. ನಮ್ಮ ಮಾತು ಅವರ ಬಾಯಲ್ಲಿ ಚೂರು ತಮಿಳಿನ ಎಳೆತದಲ್ಲಿ ಬರುತ್ತಿತ್ತು, ಕೇಳಲು ಚಂದ.

ಆಸ್ಪತ್ರೆಗೆ ಬನ್ನಿ ಎಂದು ಅವರು ಯಾರನ್ನೂ ಕರೆದವರಲ್ಲ. ಹೂ ನೋಡಲು ಬಂದವರ ಕಾಲು ನೋಡುತ್ತಿದ್ದರು. ಮಾತಾಡುತ್ತಾ ಆಡುತ್ತಾ ಬಸುರಿಯ ಪಾದ ಊದಿದೆಯಾ, ಕಣ್ಣಿನ ಒಳರೆಪ್ಪೆ ಬಿಳಿಚಿದೆಯಾ, ಹೊಟ್ಟೆ ಯಾವ ಕಡೆಗೆ ವಾಲಿದೆ, ಎಲ್ಲವನ್ನೂ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿಬಿಡುತ್ತಿದ್ದರು. ನನಗೆ ಮೊದಲ ಎರಡು ಕೂಸು ನಿಲ್ಲಲಿಲ್ಲ. ಮೂರನೆಯದಕ್ಕೆ ಆರು ತಿಂಗಳು ತುಂಬಿದಾಗ ನಾನೂ ಹೂ ನೋಡಲು ಹೋದೆ. ಅವರು ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದರು. ಗುಳಿ ಹಾಗೇ ನಿಂತಿತು. "ನಾಳೆಯಿಂದ ಉಪ್ಪು ಬೇಡ, ಕೊಡ ಹೊರೋದು ಬೇಡ. ನಿನ್ನ ಅತ್ತೆ ಹತ್ರ ನಾನು ಮಾತಾಡ್ತೀನಿ" ಅಂದರು. ಬಂದು ಮಾತಾಡಿದರು ಕೂಡ. ಆ ಕೂಸೇ ಇವತ್ತು ಹೇನು ತೆಗೆಸಿಕೊಂಡ ಮಗಳು.

ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಅಲ್ಲಿಗೇ ಹೋಗತೊಡಗಿದರು. ಸೂಲಗಿತ್ತಿ ಅಜ್ಜಿಯೇ ಕೆಲವರನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಿಡುತ್ತಿತ್ತು. ಆದರೆ ಊರಿನ ಹಿರಿಯ ಹೆಂಗಸರ ಮನಸ್ಸಿನಲ್ಲಿ ಲೆಕ್ಕ ಬೇರೆಯೇ ನಡೆದಿತ್ತು. ಆ ಗಿಡದ ಹತ್ತಿರ ಹೋಗಿ ಕೂತು ಬಂದವರೆಲ್ಲ ಸಲೀಸಾಗಿ ಹೆರುತ್ತಿದ್ದಾರೆ. ಗಿಡದ ಹೆಸರು ನೋಡಿದರೆ ಅಜ್ಜಿಎಲೆ. ಅಜ್ಜಿಯರ ಕಾಲದ ಬಾಣಂತಿ ಔಷಧವೇ ಇರಬೇಕು, ನರ್ಸಮ್ಮ ಬೇಕಾದವರಿಗೆ ಗುಟ್ಟಾಗಿ ಕೊಡುತ್ತಾಳೆ, ಅದಕ್ಕೇ ಯಾರನ್ನೂ ಗಿಡ ಮುಟ್ಟಗೊಡುವುದಿಲ್ಲ. ಹೀಗೆ ಅವರ ಲೆಕ್ಕ. ನಮ್ಮತ್ತೆಯೂ ಅದನ್ನೇ ನಂಬಿದ್ದರು.

ನನ್ನ ನಾದಿನಿ ಮೊದಲ ಹೆರಿಗೆಗೆ ಸೂಳಗಿರಿಯಿಂದ ತವರಿಗೆ ಬಂದಿದ್ದಳು. ಹೆರಿಗೆ ನರ್ಸಮ್ಮನದೇ, ಗಂಡು ಕೂಸು, ಯಾವ ತೊಂದರೆಯೂ ಆಗಲಿಲ್ಲ. ಆಮೇಲೆ ಬಾಣಂತಿಗೆ ಬರುವ ಹೊಟ್ಟೆನೋವು ಬಂತು. "ಕೂಸು ಹಾಲು ಕುಡಿದಾಗ ಹಂಗೆ ಹಿಂಡುತ್ತೆ, ತಾನೇ ಹೋಗುತ್ತೆ" ಎಂದು ನರ್ಸಮ್ಮ ಹೇಳಿ ಹೋದರು. ಅತ್ತೆಗೆ ಸಮಾಧಾನವಾಗಲಿಲ್ಲ. ಮಗಳು ನರಳಿದಷ್ಟೂ, "ಊರೋರಿಗೆಲ್ಲ ಕೊಡ್ತಾಳೆ, ನನ್ ಮಗಳಿಗೆ ಮಾತ್ರ ಒಂದ್ ಎಲೆ ಕೊಡಾಕೆ ಕೈ ಬರಾಕಿಲ್ಲ" ಎಂದು ಗೊಣಗಿದರು. ನರ್ಸಮ್ಮ ಬಾಗಲೂರಿಗೆ ಹೋಗಿದ್ದ ಹೊತ್ತು ನೋಡಿ ಮಡಿಲ ತುಂಬ ಎಲೆ ತಂದರು. ನಾನು ಹೊಲದಿಂದ ಬರುವಷ್ಟರಲ್ಲಿ ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಕುಡಿಸಿಯಾಗಿತ್ತು.

ಮೊದಲು ನಾದಿನಿ ಬಾಯಿ ಉರಿ ಅಂದಳು. ಜೊಲ್ಲು ಸುರಿಯತೊಡಗಿತು. ವಾಂತಿ ಹತ್ತಿತು, ನಿಲ್ಲಲಿಲ್ಲ. ಕೈಕಾಲು ತಣ್ಣಗಾದವು. ನಾನು ಓಡಿಹೋಗಿ ಬಸ್ಸು ಇಳಿಯುತ್ತಿದ್ದ ನರ್ಸಮ್ಮನನ್ನು ಕರೆತಂದೆ. ಒಲೆಯ ಪಕ್ಕದ ಪಾತ್ರೆಯಲ್ಲಿ ಬೆಂದ ಎಲೆ ನೋಡಿದರು.

"ಆಡು ತಿಂದ್ರೆ ಸಾಯುತ್ತೆ ಮಾ ಇದು" ಎಂದು ನನಗೊಬ್ಬಳಿಗೇ ಕೇಳುವಂತೆ ಹೇಳಿದರು. "ಆಡು ಬಿಡಬೇಡಿ ಅಂತ ಎಲ್ರಿಗೂ ಹೇಳಿದ್ದೆ. ಮನುಷ್ಯರು ತಿಂತಾರೆ ಅಂತ ನನಗೆ ಹೊಳೀಲೇ ಇಲ್ಲ."

ದೊಡ್ಡ ಡಾಕ್ಟರು ಹೊಸೂರಿನಲ್ಲಿ. ಬಸ್ಸು ಹೋಗಿಯಾಗಿತ್ತು, ಗಾಡಿಯಲ್ಲಿ ಹಾಕಿಕೊಂಡು ಹೋದರೆ ಆ ಕುಲುಕಾಟಕ್ಕೇ ಜೀವ ಹೋದೀತು ಅಂದರು. ನಾದಿನಿಯ ಕಾಲ ಕೆಳಗೆ ದಿಂಬು ಇಟ್ಟು, ತಲೆ ಮಗ್ಗುಲಿಗೆ ತಿರುಗಿಸಿ, ನಾಡಿ ಹಿಡಿದು ಕೂತರು. ಕೂಸಿಗೆ ತಾಯಿಹಾಲು ಕೊಡಬೇಡಿ ಎಂದು ಹೇಳಿ ಹಸುವಿನ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಲು ನನಗೆ ಹೇಳಿಕೊಟ್ಟರು. "ಔಷಧಿ ಏನೂ ಇಲ್ವಾ?" ಅಂದೆ. "ನನ್ನ ಪೆಟ್ಟಿಗೇಲಿ ಇದಕ್ಕೆ ಏನೂ ಇಲ್ಲ. ಕೂತ್ಕೊ, ಅಷ್ಟೇ" ಅಂದರು. ನಾಡಿ ನಿಂತೇಹೋಯಿತೇನೋ ಎನ್ನುವಷ್ಟು ನಿಧಾನವಾಗಿ ಬಡಿಯುತ್ತಿತ್ತಂತೆ. ಅದನ್ನು ಎಣಿಸುತ್ತಾ ನರ್ಸಮ್ಮನ ತುಟಿ ಮಾತ್ರ ಅಲುಗುತ್ತಿತ್ತು. ಅತ್ತೆ ಕಂಬಕ್ಕೆ ಒರಗಿ ನಿಂತಿದ್ದವರು ಕೂರಲೂ ಇಲ್ಲ.

ಹೊತ್ತು ಮೂಡುವಾಗ ನಾದಿನಿ ಕಣ್ಣು ಬಿಟ್ಟು ನೀರು ಕೇಳಿದಳು. ಬದುಕಿದಳು.

ಬದುಕಿದ್ದಕ್ಕೆ ಊರು ನರ್ಸಮ್ಮನಿಗೆ ಕೈಮುಗಿಯುತ್ತದೆ ಎಂದುಕೊಂಡಿದ್ದೆ. ಬೆಳಗಾಗುವ ಹೊತ್ತಿಗೆ ಅಂಗಳದ ತುಂಬ ಜನ. ಏನು ಕುಡಿಸಿದಿರಿ ಅಂತ ಕೇಳಿದರು. ಅತ್ತೆ, "ಅಜ್ಜಿಎಲೆ ಕಷಾಯ" ಅಂದರು.

"ನರ್ಸಮ್ಮ ಕೊಟ್ಟಿದ್ದಾ?"

ಅತ್ತೆ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಅವಳ ಗಿಡದ್ದೇ" ಅಂದರು.

ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ, ನರ್ಸಮ್ಮ ಬಾಣಂತಿಗೆ ವಿಷದ ಎಲೆ ಕುಡಿಸಿದಳು ಎಂದು ಬಾಗಲೂರಿನ ತನಕ ಸುದ್ದಿ ಮುಟ್ಟಿತ್ತು.

ನಾನು ಸುಮ್ಮನಿರಲಿಲ್ಲ. ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ, ಎಲೆ ಕಿತ್ತದ್ದು ನಮ್ಮತ್ತೆ, ನರ್ಸಮ್ಮ ಊರಲ್ಲೇ ಇರಲಿಲ್ಲ ಎಂದು ಬಿಡಿಸಿ ಹೇಳಿದೆ. ಹಗ್ಗ ಎಳೆಯುತ್ತಿದ್ದವಳು ತಿರುಗಿಯೂ ನೋಡದೆ, "ಸೊಸೆ ಅತ್ತೆ ಮ್ಯಾಲೆ ಹೇಳ್ದೆ ಇನ್ಯಾರ ಮ್ಯಾಲೆ ಹೇಳ್ತಾಳೆ" ಅಂದಳು. ಇನ್ನೊಬ್ಬಳು, "ಇವತ್ತು ನಿಮ್ಮತ್ತೆ ಎಷ್ಟು ಬೈದ್ಲಮ್ಮಿ, ಅಷ್ಟು ಸಿಟ್ಟು ಬಂದದೆ?" ಅಂದಳು. ನಕ್ಕರು. ಅತ್ತೆ ಮೇಲೆ ಸೊಸೆ ಆಡಿದ ನಿಜ ನಮ್ಮೂರಲ್ಲಿ ಚಾಡಿ. ಸೊಸೆಯ ನಾಲಿಗೆ ಬಿಟ್ಟು ಬೇರೆ ನಾಲಿಗೆ ನನಗೆಲ್ಲಿಂದ ಬರಬೇಕು.

ಮಾರನೆಯ ದಿನ ನರ್ಸಮ್ಮ ಮೂರೂ ಗಿಡ ಕಿತ್ತರು. ಆಳವಾಗಿ ಬೇರೂರದ ಗಿಡವಾದ್ದರಿಂದ ಚಾಪೆ ಎತ್ತಿದ ಹಾಗೆ ಬಂದವು. ಆಡು ಬಾಯಿ ಹಾಕೀತೆಂದು ಅಲ್ಲೇ ಕಾದು ಕೂತು, ಒಣಗಿದ ಮೇಲೆ ಸುಟ್ಟರು. ನಾನು ನೋಡುತ್ತಾ ನಿಂತಿದ್ದೆ. ಗಿಡ ಇದ್ದಾಗ ವಿಷ ಅಂದವರು, ಕಿತ್ತ ಮೇಲೆ, ತಪ್ಪು ಮಾಡದಿದ್ದರೆ ಯಾಕೆ ಕಿತ್ತಳು ಅಂದರು. ಹೂ ಇಲ್ಲದ ಮೇಲೆ ಆ ಕಡೆ ಹೋಗಲು ಹೆಂಗಸರಿಗೆ ನೆಪವೂ ಉಳಿಯಲಿಲ್ಲ. ಗುಬ್ಬಚ್ಚಿಗಳು ಮತ್ತೆ ಬಂದವು.

ಮೂಲೆಮನೆಯ ಸೊಸೆ ಆಗ ತುಂಬು ಬಸುರಿ. ಇದಕ್ಕೆ ಮುಂಚೆ ಅವಳು ಹೂ ನೋಡಲು ಬಂದಾಗಲೇ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿದೆ ಎಂದು ನರ್ಸಮ್ಮ ಕಂಡುಕೊಂಡಿದ್ದರು. ತಿಂಗಳು ತುಂಬುವ ಮೊದಲೇ ಹೊಸೂರಿಗೆ ಕರೆದುಕೊಂಡು ಹೋಗಬೇಕು ಎಂದು ನನಗೂ ಹೇಳಿದ್ದರು. ಅವಳಿಗೆ ನೋವು ಬಂತೆಂದು ತಿಳಿದ ಕೂಡಲೇ ಪೆಟ್ಟಿಗೆ ಹಿಡಿದು ಹೋದರು. ಆ ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ಕೈ ಮುಗಿದಳು. "ನಿನ್ನ ಎಲೆ ಸವಾಸ ಬ್ಯಾಡ ತಾಯಿ. ನಮ್ ಪಾಡಿಗೆ ನಮ್ಮನ್ನ ಬುಟ್ಬುಡು."

"ನಾನು ಏನೂ ಕುಡಿಸಲ್ಲ ಮಾ. ಕೈ ಮಾತ್ರ ಇಡ್ತೀನಿ. ಇಲ್ಲಾಂದ್ರೆ ಗಾಡಿ ಕಟ್ಸಿ, ಹೊಸೂರಿಗೆ ಹೋಗೋಣ."

ಬಾಗಿಲು ಮುಂದಕ್ಕೆ ಬಂತು. ನರ್ಸಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ನಾನು ಮಜ್ಜಿಗೆ ತೆಗೆದುಕೊಂಡು ಹೋದೆ, ಮುಟ್ಟಲಿಲ್ಲ. ಒಳಗಿನ ಕೂಗು ಕೇಳಿದಾಗಲೆಲ್ಲ ಬೆರಳು ಮಡಿಸಿ ಎಣಿಸುತ್ತಿದ್ದರು. ಕೊನೆಗೆ ಒಳಗಿದ್ದ ಸೂಲಗಿತ್ತಿ ಅಜ್ಜಿಯೇ ಹೊರಗೆ ಬಂದು, "ನನ್ ಕೈಲಿ ಆಗಾಕಿಲ್ಲ. ಅವಳ್ನ ಕರೀರೇ, ಸಾಯಿಸ್ಬ್ಯಾಡ್ರಿ" ಎಂದು ಆ ಮನೆಯವರ ಮೇಲೆ ರೇಗಿತು. ಆಗಲೂ ಅವರು ಮಾತಾಡಿಕೊಂಡರು, ದೇವರಲ್ಲಿ ಹೂ ಕೇಳಿದರು. ಒಳಗೆ ಬಿಡುವ ಹೊತ್ತಿಗೆ ಸಂಜೆಯಾಗಿತ್ತು. ಒಳಗೆ ಹೋದ ನರ್ಸಮ್ಮ ಬೇಗನೇ ಹೊರಗೆ ಬಂದರು. ತಾಯಿಯೂ ಇಲ್ಲ, ಕೂಸೂ ಇಲ್ಲ.

"ಅವಳು ಒಳಕ್ಕೆ ಹೋದ್ಲು, ಜೀವ ಹೊರಕ್ಕೆ ಬಂತು" ಎಂದು ಊರು ಆಡಿಕೊಂಡಿತು.

ಆ ವರ್ಷವೇ ಅವರನ್ನು ಕೃಷ್ಣಗಿರಿಗೆ ವರ್ಗ ಮಾಡಿದರು. ಹೊರಡುವ ದಿನ ನಾನು ಹುರಿಹಿಟ್ಟು ಕಟ್ಟಿಕೊಂಡು ಹೋದೆ. ಟ್ರಂಕಿನ ಮೇಲೆ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ನೀವೇ ಯಾಕೆ ಹೇಳಲಿಲ್ಲ? ನಾನು ಹೇಳಿದರೆ ಚಾಡಿ. ನೀವು ಹೇಳಿದ್ದರೆ ಕೇಳುತ್ತಿದ್ದರು" ಅಂದೆ.

"ಹೇಳಿದ್ರೆ ಏನಾಗೋದು? ಮಗಳಿಗೆ ವಿಷ ಇಕ್ಕಿದವಳು ಅಂತ ನಿಮ್ಮತ್ತೇನ ಅನ್ನೋರು. ನಾನು ಗೌರ್ಮೆಂಟ್‌ನವಳು, ಬಸ್ಸು ಹತ್ತಿ ಹೋಗ್ತೀನಿ. ಅವರಿಗೆ ಯಾವ ಬಸ್ಸು ಮಾ?" ಹುರಿಹಿಟ್ಟಿನ ಗಂಟನ್ನು ಮಡಿಲಿಗೆ ಇಟ್ಟುಕೊಂಡು, "ಮೂಲೆಮನೆ ಹುಡುಗಿ ಹೋಗ್ತಾಳೆ ಅಂತ ಗೊತ್ತಿದ್ದಿದ್ರೆ ಹೇಳಿಬಿಡ್ತಿದ್ನೋ ಏನೋ. ಗೊತ್ತಿರಲಿಲ್ಲ" ಅಂದರು. ಆಮೇಲೆ, "ಆ ಹೆಸರಿಗೆ ನಾನು ನಗಬಾರದಾಗಿತ್ತು" ಅಂದರು.

ಬಸ್ಸು ಬಂತು. ಹತ್ತಿಸಿ ಬಂದೆ. ಮತ್ತೆ ನೋಡಲಿಲ್ಲ. ಕೃಷ್ಣಗಿರಿಯಲ್ಲಿ ಬಂಡೆ ಕಾದು ಕತ್ತಲಾದ ಮೇಲೂ ಬಿಸಿ ಉಗುಳುತ್ತದೆ, ಅಲ್ಲಿ ಅಂಥ ಗಿಡ ಏಳುವುದಿಲ್ಲ ಎಂದು ನಮ್ಮನೆಯವರು ಹೇಳುತ್ತಿದ್ದರು. ಅವರು ಮತ್ತೆ ಗಿಡ ಹಾಕಿದರೋ ಇಲ್ಲವೋ ಕೇಳಿ ಬನ್ನಿ ಎಂದು ಪ್ರತಿ ಸಲ ಗಾಡಿ ಹೊರಡುವಾಗಲೂ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಗಾಡಿ ತುಂಬುವ ಗಲಾಟೆಯಲ್ಲಿ ಮರೆತುಹೋಗುತ್ತಿತ್ತು.

ನಮ್ಮತ್ತೆ ಇಷ್ಟು ವರ್ಷದಲ್ಲಿ ಆ ಮಾತು ಎತ್ತಿದವರಲ್ಲ. ಯಾರಾದರೂ ನರ್ಸಮ್ಮನ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದರು. ಇವತ್ತು ಹೋಗಲಿಲ್ಲ. ನಮ್ಮನೆಯವರು ಹೇಳಿ ಮುಗಿಸಿದ ಮೇಲೂ ಮೊರ ಕೇರುತ್ತಲೇ ಇದ್ದರು, ಹೊಟ್ಟೆಲ್ಲ ಹಾರಿ ಬರೀ ಕಾಳು ಉಳಿದ ಮೇಲೂ.

ದೀಪ ಹಚ್ಚುವ ಹೊತ್ತಿಗೆ ಹಿತ್ತಿಲಲ್ಲಿ ನೀರು ಸುರಿಯುವ ಸದ್ದು ಕೇಳಿತು. ಮಗಳೇನೋ ಆಟ ಆಡುತ್ತಿದ್ದಾಳೆ ಎಂದು ಹೋಗಿ ನೋಡಿದರೆ ಅತ್ತೆ. ಕಲ್ಲುಚಪ್ಪಡಿಯ ಮೇಲೆ ಉಟ್ಟ ಸೀರೆಯಲ್ಲೇ ಕೂತು, ತೊಟ್ಟಿಯ ತಣ್ಣೀರನ್ನು ಚೆಂಬಿನಿಂದ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಸಾವಿನ ಸುದ್ದಿ ಕೇಳಿ ಹಾಗೆ ತಲೆಗೆ ನೀರು ಹಾಕಿಕೊಳ್ಳುವುದು ನಮ್ಮಲ್ಲಿ ರಕ್ತ ಸಂಬಂಧದವರಿಗೆ, ಕೊಟ್ಟು ತಂದ ಮನೆಯವರಿಗೆ. ಬೇರೆಯವರಿಗೆ ಇಲ್ಲ.

ನಮ್ಮನೆಯವರೂ ಬಂದು ನೋಡಿದರು. "ಏನವ್ವ, ಈ ಹೊತ್ತಲ್ಲಿ ತಣ್ಣೀರು?"

"ಸೂತಕ ಕಣ್ಲಾ."

"ಯಾರ್ದವ್ವ?"

"ಹೋಗಿ ಉಣ್ಣೋಗ್ಲಾ."

ನಾನು ಒಣಸೀರೆ ತಂದು ಕೊಟ್ಟೆ. ಬೆನ್ನು ಒರೆಸಿದೆ. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಕೂದಲು ಹಿಂಡಿಕೊಳ್ಳುತ್ತಾ, "ಸಾರಿಗೆ ಒಗ್ಗರಣೆ ಹಾಕ್ಬ್ಯಾಡ" ಅಂದರು, ಅಷ್ಟೇ. ಬಾವಿಕಟ್ಟೆಯವರು ಇಲ್ಲಿರಲಿಲ್ಲ, ಮೂಲೆಮನೆಯವರು ಇಲ್ಲಿರಲಿಲ್ಲ. ಕೇಳಬೇಕಾದವರು ಯಾರೂ ಇರಲಿಲ್ಲ. ನಾನೊಬ್ಬಳು ಇದ್ದೆ, ಎಲೆ ಕಿತ್ತದ್ದು ಯಾರೆಂದು ನನಗೆ ಮೊದಲೇ ಗೊತ್ತಿತ್ತು.

ರಾಗಿಮುದ್ದೆ, ಸೂತಕದ ಮನೆಯ ಹಾಗೆ ಒಗ್ಗರಣೆ ಇಲ್ಲದ ಹುರುಳಿಸಾರು. ಮಗಳು ಸಪ್ಪೆ ಎಂದು ಮುಖ ಸಿಂಡರಿಸಿ ಅರ್ಧ ಮುದ್ದೆ ಬಿಟ್ಟಳು. ಅದನ್ನೂ ನಮ್ಮನೆಯವರೇ ಉಂಡರು. ಅತ್ತೆ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡು, ಕೈ ತೊಳೆದು, ಚಾಪೆ ಹಾಸಿಕೊಂಡರು. ನಾನು ಪಾತ್ರೆ ಬೆಳಗಿ ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಅವರೇ ನಿದ್ದೆ ಹೋಗಿದ್ದರು.